ಕನ್ಸೋಲ್ ಯಾರನ್ನು ಕೇಳಿ ಗೇಮ್ ತೆರೆಯುತ್ತದೆ?

ಹೊಸ ಕನ್ಸೋಲ್, ಅಂದರೆ ಟಿವಿಗೆ ಜೋಡಿಸಿ ಗೇಮ್ ಆಡುವ ಯಂತ್ರ, ಬರುತ್ತದೆ ಎಂಬ ಸುದ್ದಿ ಎದ್ದಾಗಲೆಲ್ಲ ಗೇಮರ್‌ಗಳ ನಡುವೆ ಒಂದು ಹಳೆಯ ಜಗಳ ಮತ್ತೆ ಶುರುವಾಗುತ್ತದೆ: ಇದು ಸದಾ ಆನ್‌ಲೈನ್ ಇರಲೇಬೇಕಾದ ಪೆಟ್ಟಿಗೆಯೋ, ಅಲ್ಲವೋ? ಮಾತು ಹತ್ತೇ ನಿಮಿಷದಲ್ಲಿ ಇಂಟರ್ನೆಟ್ ವೇಗದ ಕಡೆ ಹೊರಳುತ್ತದೆ. "ಈ ಕಾಲದಲ್ಲಿ ನೆಟ್ ಇಲ್ಲದವರು ಯಾರಿದ್ದಾರೆ?" ಅಂತ ಒಬ್ಬರು, "ನಮ್ಮಲ್ಲಿ ದಿನಕ್ಕೆ ನಾಲ್ಕು ಸಲ ಹೋಗುತ್ತೆ" ಅಂತ ಇನ್ನೊಬ್ಬರು. ಇಬ್ಬರೂ ಹೇಳುವುದು ನಿಜ. ಆದರೆ ವಾದ ನಡೆಯಬೇಕಾದ ಜಾಗ ಅದಲ್ಲ. ಗೇಮ್ ಆಡುವ ಹಕ್ಕು ನಿಮಗಿದೆಯೇ ಎಂದು ಕಂಪನಿಯ ಸರ್ವರನ್ನು, ಅಂದರೆ ಅದರ ದೂರದ ಕಂಪ್ಯೂಟರನ್ನು, ಕೇಳುವ ಲೈಸೆನ್ಸ್ ತಪಾಸಣೆಗೆ ಬೇಕಾಗುವ ಡೇಟಾ ತೀರಾ ಸಣ್ಣದು, ಫೋನಿನಿಂದ ಒಂದು ಫೋಟೊ ಕಳಿಸುವುದಕ್ಕಿಂತ ಕಡಿಮೆ. ನಿಮ್ಮ ಸಂಪರ್ಕ ಎಷ್ಟೇ ವೇಗದ್ದಾಗಿರಲಿ, ಆ ಕಡೆಯ ಸರ್ವರ್ ಉತ್ತರ ಕೊಡದಿದ್ದರೆ ಬಾಗಿಲು ತೆರೆಯುವುದಿಲ್ಲ.

ಹಾಗಾಗಿ ಇವತ್ತು ಬೇರೆ ಪ್ರಶ್ನೆಯಿಂದ ಶುರು ಮಾಡೋಣ. ನೀವು ಗೇಮ್ ಆಯ್ದು ಬಟನ್ ಒತ್ತುತ್ತೀರಿ. ಆ ಕ್ಷಣ ಕನ್ಸೋಲ್‌ಗೆ ಒಂದು ಪುರಾವೆ ಬೇಕು: ಈ ಗೇಮ್ ಆಡುವ ಹಕ್ಕು ಈ ವ್ಯಕ್ತಿಗೆ ಇದೆಯೇ? ಆ ಪುರಾವೆ ಮೂರು ಕಡೆ ಇರಬಹುದು. ಡ್ರೈವ್‌ನಲ್ಲಿರುವ ಡಿಸ್ಕ್ ಅಥವಾ ಕಾರ್ಟ್ರಿಜ್ ಒಂದು. ಕನ್ಸೋಲ್‌ನ ಒಳಗೇ ಉಳಿಸಿಟ್ಟ ಲೈಸೆನ್ಸ್ ಫೈಲ್ ಎರಡನೆಯದು. ಇದಕ್ಕೆ ಕಂಪನಿಯ ಡಿಜಿಟಲ್ ಸಹಿ ಇರುತ್ತದೆ, ಯಾವ ಯಂತ್ರಕ್ಕೆ, ಯಾವ ಅಕೌಂಟ್‌ಗೆ ಸೇರಿದ್ದು ಎಂದು ಬರೆದಿರುತ್ತದೆ, ಕೆಲವೊಮ್ಮೆ ಮುಗಿಯುವ ದಿನಾಂಕವೂ ಇರುತ್ತದೆ. ಮೂರನೆಯದು ದೂರದ ಸರ್ವರ್. ಮೊದಲ ಎರಡರಲ್ಲಿ ಪುರಾವೆ ನಿಮ್ಮ ಕೋಣೆಯಲ್ಲಿದೆ. ಮೂರನೆಯದರಲ್ಲಿ ಇನ್ನೊಬ್ಬರ ಕೈಯಲ್ಲಿದೆ. ಆಲ್ವೇಸ್-ಆನ್‌ಲೈನ್ ಎಂದು ನಾವು ಕೂಗಾಡುವ ವಿಷಯದ ಬಹುಪಾಲು ಇಷ್ಟರಲ್ಲೇ ಇದೆ.

2013ರಲ್ಲಿ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಒನ್ ಕನ್ಸೋಲ್ ಸುತ್ತ ಎದ್ದ ಗಲಾಟೆಯನ್ನು ಈ ಕಣ್ಣಿನಿಂದ ನೋಡಿದರೆ ಚೆನ್ನಾಗಿ ಅರ್ಥವಾಗುತ್ತದೆ. ಆ ವರ್ಷ ಮೇ 21ರಂದು ಕನ್ಸೋಲ್ ಪ್ರಕಟವಾಯಿತು, ಜೂನ್ 6ಕ್ಕೆ ಮೈಕ್ರೋಸಾಫ್ಟ್ ನಿಯಮಗಳನ್ನು ಬಿಡಿಸಿ ಹೇಳಿತು. ನಿಮ್ಮ ಸ್ವಂತ ಕನ್ಸೋಲ್ 24 ಗಂಟೆಗೊಮ್ಮೆ ಸರ್ವರ್‌ಗೆ ಹಾಜರಿ ಹಾಕಬೇಕು. ಬೇರೆಯವರ ಕನ್ಸೋಲ್‌ನಲ್ಲಿ ಲಾಗಿನ್ ಆಗಿ ನಿಮ್ಮ ಗೇಮ್ ಆಡಿದರೆ ಗಂಟೆಗೊಮ್ಮೆ. ಹಾಜರಿ ತಪ್ಪಿದರೆ ಟಿವಿ ನೋಡಬಹುದು, ಬ್ಲೂ-ರೇ ಹಾಕಿ ಸಿನಿಮಾ ನೋಡಬಹುದು, ಗೇಮ್ ಮಾತ್ರ ಇಲ್ಲ. ಡಿಸ್ಕ್ ಕೊಂಡವರಿಗೂ ಇದೇ ನಿಯಮ.

24 ಗಂಟೆ ಯಾಕೆ? ಇದನ್ನು ಬರೀ ಹಟ ಎಂದು ತಳ್ಳಿಹಾಕುವಂತಿಲ್ಲ. ಆ ವ್ಯವಸ್ಥೆಯಲ್ಲಿ ಒಮ್ಮೆ ಇನ್‌ಸ್ಟಾಲ್ ಮಾಡಿದ ಮೇಲೆ ಡಿಸ್ಕ್ ಡ್ರೈವ್‌ನಲ್ಲಿ ಇರಬೇಕಾಗಿರಲಿಲ್ಲ. ಹತ್ತು ಜನರ ಕುಟುಂಬದ ಜೊತೆ ಲೈಬ್ರರಿ ಹಂಚಿಕೊಳ್ಳುವ ಸೌಕರ್ಯವೂ ಇತ್ತು. ಡಿಸ್ಕ್ ಬೇಡ ಅಂದಮೇಲೆ, ನೀವು ಇನ್‌ಸ್ಟಾಲ್ ಮಾಡಿಕೊಂಡು ಡಿಸ್ಕನ್ನು ಇನ್ನೊಬ್ಬರಿಗೆ ಮಾರಿದ್ದೀರೋ ಇಲ್ಲವೋ ಕನ್ಸೋಲ್‌ಗೆ ಹೇಗೆ ಗೊತ್ತಾಗಬೇಕು? ಸರ್ವರನ್ನೇ ಕೇಳಬೇಕು. ಅಂದರೆ ಪುರಾವೆಯನ್ನು ಡ್ರೈವ್‌ನಿಂದ ಎತ್ತಿ ಸರ್ವರ್‌ಗೆ ಕೊಂಡೊಯ್ದರು, 24 ಗಂಟೆಯ ಗಡಿಯಾರ ಅದರ ಹಿಂದೆಯೇ ಬಂತು. ಜೂನ್ 10ರಂದು ಸೋನಿ ವೇದಿಕೆಯ ಮೇಲೆ, ತನ್ನ ಕನ್ಸೋಲ್ ಪ್ಲೇಸ್ಟೇಷನ್ 4ರಲ್ಲಿ ಡಿಸ್ಕ್ ಗೇಮ್‌ಗಳಿಗೆ ಇಂತಹ ತಪಾಸಣೆ ಇರುವುದಿಲ್ಲ ಎಂದಿತು. ಗೇಮ್ ಹಂಚಿಕೊಳ್ಳುವುದು ಹೇಗೆ ಎಂದು ತೋರಿಸಲು ಒಬ್ಬರು ಇನ್ನೊಬ್ಬರ ಕೈಗೆ ಡಿಸ್ಕ್ ಕೊಡುವ ಕೆಲವೇ ಸೆಕೆಂಡುಗಳ ವೀಡಿಯೊ ಬಿಟ್ಟಿತು. ಜೂನ್ 19ಕ್ಕೆ ಮೈಕ್ರೋಸಾಫ್ಟ್ ನಿಯಮ ಹಿಂತೆಗೆದುಕೊಂಡಿತು. ಜೊತೆಗೇ ಕುಟುಂಬದ ಹಂಚಿಕೆಯೂ, ಡಿಸ್ಕ್ ಇಲ್ಲದೆ ಆಡುವ ಅನುಕೂಲವೂ ಹೋದವು. ಹೋಗಲೇಬೇಕಿತ್ತು. ಪುರಾವೆ ಡಿಸ್ಕಿಗೆ ಮರಳಿದ ಮೇಲೆ ಡಿಸ್ಕ್ ಡ್ರೈವ್‌ನಲ್ಲಿರಬೇಕು.

ಆ ಗಡಿಯಾರ ನಿಜಕ್ಕೂ ಓಡಿದ್ದರೆ ಏನಾಗುತ್ತಿತ್ತು? ಸರ್ವರ್ ಬೆಳಿಗ್ಗೆ ಆರಕ್ಕೆ ಬಿತ್ತು ಅಂದುಕೊಳ್ಳಿ. 24 ಗಂಟೆ ಅವಕಾಶ ಇದೆಯಲ್ಲ ಎಂದು ಎಲ್ಲರೂ ನಿಶ್ಚಿಂತೆಯಿಂದ ಇರುವಂತಿಲ್ಲ. ಗಡಿಯಾರ ಓಡುವುದು ಸರ್ವರ್ ಬಿದ್ದ ಹೊತ್ತಿನಿಂದಲ್ಲ, ನಿಮ್ಮ ಕನ್ಸೋಲ್ ಕೊನೆಯ ಸಲ ಹಾಜರಿ ಹಾಕಿದ ಹೊತ್ತಿನಿಂದ. ರಾತ್ರಿಯೆಲ್ಲ ಸ್ಟ್ಯಾಂಡ್‌ಬೈನಲ್ಲಿದ್ದ ಕನ್ಸೋಲ್‌ಗೆ ಪೂರ್ತಿ ಒಂದು ದಿನ ಸಿಗಬಹುದು. ಹಿಂದಿನ ದಿನ ಬೆಳಿಗ್ಗೆ ಹತ್ತಕ್ಕೆ ಪ್ಲಗ್ ಕಿತ್ತಿಟ್ಟದ್ದಕ್ಕೆ ಉಳಿದಿರುವುದು ನಾಲ್ಕೇ ಗಂಟೆ. ವಾರ ಮುಚ್ಚಿಟ್ಟು ಅವತ್ತೇ ತೆರೆದವರಿಗೆ ಒಂದು ನಿಮಿಷವೂ ಇಲ್ಲ. ಕಡಿಮೆ ಆಡುವವರಿಗೇ ಪೆಟ್ಟು ಮೊದಲು ಬೀಳುತ್ತದೆ.

ಸರ್ವರ್ ಬೀಳುವುದು ಅಪರೂಪದ ಮಾತೂ ಅಲ್ಲ. 2011ರ ಏಪ್ರಿಲ್ 20ಕ್ಕೆ ಮುಚ್ಚಿದ, ಸೋನಿಯ ಆನ್‌ಲೈನ್ ಸೇವೆಯಾದ ಪ್ಲೇಸ್ಟೇಷನ್ ನೆಟ್‌ವರ್ಕ್ ಮತ್ತೆ ತೆರೆಯಲು ಮೂರು ವಾರಕ್ಕೂ ಹೆಚ್ಚು ಹಿಡಿಯಿತು, ಸುಮಾರು 7.7 ಕೋಟಿ ಅಕೌಂಟ್‌ಗಳ ಮಾಹಿತಿ ಅಪಾಯಕ್ಕೆ ಸಿಲುಕಿತ್ತು. 2014ರ ಕ್ರಿಸ್‌ಮಸ್‌ನಲ್ಲಿ, ಹೊಸ ಕನ್ಸೋಲ್ ಉಡುಗೊರೆ ಬಿಚ್ಚುವ ದಿನವೇ, ಎಕ್ಸ್‌ಬಾಕ್ಸ್ ಲೈವ್ ಮತ್ತು ಪ್ಲೇಸ್ಟೇಷನ್ ನೆಟ್‌ವರ್ಕ್ ಎರಡನ್ನೂ ದಾಳಿಕೋರರು ಬೀಳಿಸಿದರು. 2025ರ ಫೆಬ್ರವರಿಯಲ್ಲಿ ಪ್ಲೇಸ್ಟೇಷನ್ ನೆಟ್‌ವರ್ಕ್ ಸುಮಾರು ಒಂದು ದಿನ ಇರಲಿಲ್ಲ.

ಒಂದು ಸಣ್ಣ ಲೆಕ್ಕ. ಒಂದು ಸೇವೆ ವರ್ಷದಲ್ಲಿ ಶೇ 99.9ರಷ್ಟು ಹೊತ್ತು ನಡೆಯುತ್ತದೆ ಎಂದರೂ ಸುಮಾರು 8.8 ಗಂಟೆ ನಿಂತಿರುತ್ತದೆ. ಗೇಮ್ ತೆರೆಯಲು ನಿಮ್ಮ ಸಂಪರ್ಕ, ಲಾಗಿನ್ ಸೇವೆ, ಲೈಸೆನ್ಸ್ ಸೇವೆ, ಗೇಮ್ ಕಂಪನಿಯ ಸ್ವಂತ ಸರ್ವರ್ ಈ ನಾಲ್ಕೂ ಒಟ್ಟಿಗೆ ಎದ್ದಿರಬೇಕು. ಪ್ರತಿಯೊಂದೂ ಶೇ 99.9 ಆದರೆ, ನಾಲ್ಕನ್ನು ಗುಣಿಸಿದಾಗ ಸಿಗುವುದು ಸುಮಾರು 99.6. ಅಂದರೆ ವರ್ಷಕ್ಕೆ 35 ಗಂಟೆ. ಅದು ವರ್ಷದುದ್ದಕ್ಕೂ ಸಮವಾಗಿ ಹರಡಿರುವುದೂ ಇಲ್ಲ. ಎಲ್ಲರೂ ಒಟ್ಟಿಗೆ ನುಗ್ಗುವ ಬಿಡುಗಡೆಯ ದಿನ, ರಜೆಯ ದಿನ, ಅಂದರೆ ನಿಮಗೂ ಬಿಡುವಿರುವ ಹೊತ್ತಿಗೇ ಬಂದು ಕೂರುತ್ತದೆ.

ನೆಟ್ ಪೂರ್ತಿ ಇಲ್ಲದಿರುವುದಕ್ಕಿಂತ ಅರೆಬರೆ ಇರುವುದು ಹೆಚ್ಚು ಕಾಟ ಕೊಡುತ್ತದೆ. ವೈ-ಫೈ ಇದೆ, ರೌಟರ್ ವಿಳಾಸ ಕೊಟ್ಟಿದೆ, ಆದರೆ ಹೊರಗಿನ ದಾರಿ ಕಟ್ಟಿದೆ. ಹೋಟೆಲ್, ಹಾಸ್ಟೆಲ್‌ಗಳ ವೈ-ಫೈ ಹೀಗೇ: ಬ್ರೌಸರ್‌ನಲ್ಲಿ ಪುಟ ತೆರೆದು ಪಾಸ್‌ವರ್ಡ್ ಹಾಕುವವರೆಗೆ ಏನನ್ನೂ ಹೊರಗೆ ಬಿಡುವುದಿಲ್ಲ. ಕನ್ಸೋಲ್ ಮಾತ್ರ ತಾನು ಆನ್‌ಲೈನ್ ಇದ್ದೇನೆ ಅಂದುಕೊಂಡು ಸರ್ವರನ್ನು ಕೂಗುತ್ತದೆ, ಉತ್ತರಕ್ಕೆ ಕಾಯುತ್ತದೆ, ಮತ್ತೆ ಕೂಗುತ್ತದೆ. ತೆರೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ. ಒಳಗೆ ಸರಿಯಾದ ಲೈಸೆನ್ಸ್ ಫೈಲ್ ಇದ್ದರೂ ಅದರ ಸರದಿ ಬರುವುದಿಲ್ಲ. ಇಂತಹ ಹೊತ್ತಿನಲ್ಲಿ ಮಾಡಬೇಕಾದ ಮೊದಲ ಕೆಲಸ ಕೇಬಲ್ ಕೀಳುವುದು, ಇಲ್ಲವೇ ಸೆಟ್ಟಿಂಗ್ಸ್‌ನಲ್ಲಿ ಇಂಟರ್ನೆಟ್ ಸಂಪರ್ಕವನ್ನೇ ಆರಿಸುವುದು. ನೆಟ್ ಇಲ್ಲ ಎಂದು ಕನ್ಸೋಲ್‌ಗೆ ಖಚಿತವಾದರೆ ಅದು ಒಳಗಿನ ಫೈಲನ್ನು ನೋಡುತ್ತದೆ, ಗೇಮ್ ತೆರೆಯುತ್ತದೆ. ಎಷ್ಟೋ ಜನ ಇದನ್ನು ತಿಳಿಯದೆ ರೌಟರನ್ನು ಹತ್ತು ಸಲ ಆರಿಸಿ ಹೊತ್ತಿಸಿ ಸುಸ್ತಾಗುತ್ತಾರೆ.

ಇನ್ನೊಂದು ವಿಷಯವನ್ನು ಹತ್ತಿರದಿಂದ ನೋಡಬೇಕು. ಕಂಪನಿ ಬೇಕೆಂದೇ ಆನ್‌ಲೈನ್ ಷರತ್ತು ಹಾಕದಿದ್ದರೂ ಅದು ಹೇಗೆ ಹಿಂಬಾಗಿಲಿನಿಂದ ಬಂದು ಸೇರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಪ್ಲೇಸ್ಟೇಷನ್ 4ರ ಒಳಗೆ ಸಿಆರ್2032 ಎಂಬ ನಾಣ್ಯದಾಕಾರದ ಬ್ಯಾಟರಿ ಇದೆ, ಕೈಗಡಿಯಾರದ ಬ್ಯಾಟರಿಯ ಜಾತಿಯದ್ದೇ. ಕರೆಂಟ್ ಇಲ್ಲದಾಗ ಕನ್ಸೋಲ್‌ನ ಗಡಿಯಾರ ಓಡಿಸುವುದು ಅದರ ಕೆಲಸ. ಆಟದಲ್ಲಿ ಗೆದ್ದ ಟ್ರೋಫಿಗಳ ಮೇಲೆ ದಿನಾಂಕ ಬೀಳುತ್ತದೆ. ದಿನಾಂಕ ತಿದ್ದಿ ಯಾರೂ ಮೋಸ ಮಾಡಬಾರದೆಂದು ನಂಬಬಲ್ಲ ಗಡಿಯಾರ ಬೇಕು. ಬ್ಯಾಟರಿ ಸತ್ತರೆ ಗಡಿಯಾರ ಅಳಿಸಿಹೋಗುತ್ತದೆ, ಆಗ ಕನ್ಸೋಲ್ ಸರಿಯಾದ ಸಮಯಕ್ಕಾಗಿ ಸೋನಿಯ ಸರ್ವರನ್ನು ಕೇಳುತ್ತದೆ. ಸರ್ವರ್ ಸಿಕ್ಕರೆ ತೊಂದರೆಯಿಲ್ಲ. ಸಿಗದಿದ್ದರೆ ಡಿಜಿಟಲ್ ಗೇಮ್ ಮಾತ್ರವಲ್ಲ, ಡ್ರೈವ್‌ನಲ್ಲಿ ಕೂತಿರುವ ಡಿಸ್ಕ್ ಕೂಡ ತೆರೆಯುತ್ತಿರಲಿಲ್ಲ! ಬ್ಯಾಟರಿ ಬದಲಿಸಿದರೂ ಸಾಲದು, ಒಮ್ಮೆ ಸರ್ವರ್ ಜೊತೆ ಸಮಯ ಸರಿಮಾಡಿಕೊಳ್ಳಲೇಬೇಕಿತ್ತು. ಒಂದು ದಿನ ಸೋನಿ ಆ ಸರ್ವರ್ ಮುಚ್ಚಿದರೆ, ಅಷ್ಟೂ ಕನ್ಸೋಲ್‌ಗಳು ಒಂದೊಂದಾಗಿ ಬ್ಯಾಟರಿ ಸಾಯುತ್ತಿದ್ದಂತೆ ನಿಂತುಹೋಗುತ್ತಿದ್ದವು. ಹಳೆಯ ಗೇಮ್‌ಗಳನ್ನು ಉಳಿಸಲು ದುಡಿಯುವವರು ಬ್ಯಾಟರಿ ಕಿತ್ತು ಪರೀಕ್ಷಿಸಿ ಇದನ್ನು ಬಯಲಿಗೆ ತಂದರು. 2021ರ ಸೆಪ್ಟೆಂಬರ್‌ನಲ್ಲಿ ಬಂದ 9.00 ಸಾಫ್ಟ್‌ವೇರ್‌ನಲ್ಲಿ ಇದು ಸರಿಹೋಯಿತು. ಹಳೆಯ ಸಾಫ್ಟ್‌ವೇರ್‌ನ ಪ್ಲೇಸ್ಟೇಷನ್ 4 ಅಟ್ಟದಲ್ಲಿ ಇಟ್ಟಿದ್ದರೆ ಇಳಿಸಿ ಅಪ್‌ಡೇಟ್ ಮಾಡಿಬಿಡಿ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಕನ್ಸೋಲ್‌ನ ತಪಾಸಣೆ. ಗೇಮ್‌ನದೇ ಷರತ್ತು ಇನ್ನೊಂದಿದೆ, ಈಗ ಹೆಚ್ಚು ಹಾನಿ ಮಾಡುತ್ತಿರುವುದು ಅದೇ. ಕನ್ಸೋಲ್ ಆಫ್‌ಲೈನ್‌ನಲ್ಲಿ ಚೆನ್ನಾಗಿ ನಡೆಯಬಹುದು, ಡಿಸ್ಕೂ ನಿಮ್ಮದಿರಬಹುದು. ಗೇಮ್ ಮಾತ್ರ ಮುಖಪುಟದಲ್ಲೇ ತನ್ನ ಕಂಪನಿಯ ಸರ್ವರ್ ಹುಡುಕುತ್ತಾ ನಿಲ್ಲುತ್ತದೆ. 2022ರ ಮಾರ್ಚ್‌ನಲ್ಲಿ ಗ್ರಾನ್ ಟುರಿಸ್ಮೊ 7 ಎಂಬ ಕಾರ್ ಗೇಮ್‌ಗೆ 1.07 ಅಪ್‌ಡೇಟ್ ಬಂದಾಗ ಸರ್ವರ್ ದುರಸ್ತಿ 30 ಗಂಟೆ ಮೀರಿತು. ಒಬ್ಬರೇ ಕೂತು ರೇಸ್ ಆಡುವ ಭಾಗದ ಬಹುಪಾಲು ಅಷ್ಟೂ ಹೊತ್ತು ಮುಚ್ಚಿತ್ತು. ಆಟದೊಳಗಿನ ಹಣ, ಕಾರುಗಳ ಲೆಕ್ಕವೆಲ್ಲ ಸರ್ವರ್‌ನಲ್ಲಿ ಇರುವುದರಿಂದ ಸೇವ್ ಮಾಡಲೂ ಅದೇ ಬೇಕು.

ಗೇಮ್ ಕಂಪನಿಗಳು ಕೊಡುವ ಕಾರಣಗಳಲ್ಲಿ ಕೆಲವು ಗಟ್ಟಿ. ನೂರು ಜನ ಒಂದೇ ಮೈದಾನದಲ್ಲಿ ಆಡುವಾಗ ಯಾರ ಗುಂಡು ಯಾರಿಗೆ ತಾಗಿತು ಎಂದು ತೀರ್ಮಾನಿಸಲು ನಡುವೆ ಒಬ್ಬರು ಬೇಕು, ಅದು ಆಟಗಾರರ ಯಂತ್ರದಲ್ಲಿ ಇದ್ದರೆ ಮೋಸ ಸುಲಭ. ಇಂತಹ ಆಟ ಆನ್‌ಲೈನ್ ಇರಬೇಕು ಎಂಬುದಕ್ಕೆ ತಕರಾರಿಲ್ಲ. ಕಾರಣ ಮಾಯವಾದ ಮೇಲೂ ಷರತ್ತು ಉಳಿದಾಗ ತಕರಾರು ಏಳುತ್ತದೆ. 2012ರ ಮೇ 15ರಂದು ಡಯಾಬ್ಲೊ 3 ಎಂಬ ಗೇಮ್ ಕಂಪ್ಯೂಟರ್‌ಗೆ ಬಂದಾಗ ಒಬ್ಬರೇ ಆಡಲೂ ಲಾಗಿನ್ ಬೇಕಿತ್ತು. ಮೊದಲ ದಿನ ಲಕ್ಷಾಂತರ ಜನಕ್ಕೆ ಕಂಡದ್ದು, ಸರ್ವರ್‌ಗೆ ಪುರುಸೊತ್ತಿಲ್ಲ ಎನ್ನುವ ಎರರ್ 37 ಎಂಬ ಸಾಲು. ವಸ್ತುಗಳನ್ನು ನಿಜವಾದ ಹಣಕ್ಕೆ ಮಾರುವ ಹರಾಜು ಕಟ್ಟೆ ಅದರಲ್ಲಿತ್ತು, ಹಾಗಾಗಿ ನಕಲಿ ವಸ್ತು ತಡೆಯಲು ಸರ್ವರ್ ಬೇಕು ಎಂಬ ಮಾತಿಗೆ ಅರ್ಥವಿತ್ತು. ಆದರೆ 2013ರಲ್ಲಿ ಅದೇ ಗೇಮ್ ಕನ್ಸೋಲ್‌ಗೆ ಬಂತು, ಹರಾಜು ಕಟ್ಟೆ ಇಲ್ಲದೆ, ಆಫ್‌ಲೈನ್‌ನಲ್ಲಿ, ಸೊಗಸಾಗಿ ನಡೆಯಿತು. 2014ರ ಮಾರ್ಚ್‌ನಲ್ಲಿ ಕಂಪ್ಯೂಟರ್‌ನಲ್ಲೂ ಹರಾಜು ಕಟ್ಟೆ ಮುಚ್ಚಿತು. ಲಾಗಿನ್ ಷರತ್ತು ಮಾತ್ರ ಹೋಗಲಿಲ್ಲ. 2013ರ ಮಾರ್ಚ್‌ನಲ್ಲಿ ಬಂದ, ನಗರ ಕಟ್ಟುವ ಗೇಮ್ ಸಿಮ್‌ಸಿಟಿಯದೂ ಇದೇ ಜಾಡು: ನಗರದ ಲೆಕ್ಕಾಚಾರವೇ ಸರ್ವರ್‌ನಲ್ಲಿ ನಡೆಯುತ್ತದೆ, ಆಫ್‌ಲೈನ್ ಆಗುವುದಿಲ್ಲ ಎಂದರು. ಸಂಪರ್ಕ ಕಿತ್ತ ಮೇಲೂ ನಗರ ನಡೆಯುತ್ತಲೇ ಇರುತ್ತದೆ ಎಂದು ಆಟಗಾರರು ತೋರಿಸಿದರು. ಒಂದು ವರ್ಷದ ಮೇಲೆ ಕಂಪನಿಯೇ ಆಫ್‌ಲೈನ್ ಆವೃತ್ತಿ ಕೊಟ್ಟಿತು.

ಕೊನೆಯಲ್ಲಿ ಸರ್ವರ್ ಮುಚ್ಚುವ ದಿನ ಬರುತ್ತದೆ. 2014ರ ಕೊನೆಗೆ ಬಂದ ದಿ ಕ್ರೂ ಎಂಬ ಕಾರ್ ಗೇಮನ್ನು 2024ರ ಮಾರ್ಚ್ 31ಕ್ಕೆ ನಿಲ್ಲಿಸಿದರು. ಒಬ್ಬರೇ ಆಡುವ ಕಥೆಯೂ ಅದರೊಂದಿಗೆ ಹೋಯಿತು, ಡಿಸ್ಕ್ ಇದ್ದವರ ಕೈಯಲ್ಲಿ ಉಳಿದದ್ದು ಬರೀ ಪ್ಲಾಸ್ಟಿಕ್. ಅಲ್ಲಿಂದಲೇ ಗೇಮ್‌ಗಳನ್ನು ಕೊಲ್ಲಬೇಡಿ ಎಂಬ ಚಳವಳಿ ಹುಟ್ಟಿತು. ಯುರೋಪಿಯನ್ ಒಕ್ಕೂಟದಲ್ಲಿ ಅದರ ಮನವಿಗೆ 2025ರ ಜುಲೈನಲ್ಲಿ ಹತ್ತು ಲಕ್ಷ ಸಹಿ ದಾಟಿತು. ಕ್ಯಾಲಿಫೋರ್ನಿಯಾದಲ್ಲಿ 2025ರ ಆರಂಭದಿಂದ ಒಂದು ಕಾನೂನು ಜಾರಿಯಲ್ಲಿದೆ: ಡಿಜಿಟಲ್ ಅಂಗಡಿ ಬರೀ ಲೈಸೆನ್ಸ್ ಕೊಡುತ್ತಿದ್ದರೆ, ಅದನ್ನು ಮುಚ್ಚಿಟ್ಟು 'ಕೊಂಡುಕೊಳ್ಳಿ' ಎನ್ನುವಂತಿಲ್ಲ. ದಿ ಕ್ರೂ ವಿಷಯದಲ್ಲಿ ಆದದ್ದಕ್ಕೆ ವಿರುದ್ಧವಾದ ನಡತೆಯೂ ಇದೆ. ಗ್ರಾನ್ ಟುರಿಸ್ಮೊ ಸ್ಪೋರ್ಟ್‌ನ ಸರ್ವರ್ 2024ರ ಜನವರಿ 31ಕ್ಕೆ ಮುಚ್ಚಿತು, ಆದರೆ ಅದಕ್ಕೂ ಮೊದಲೇ ಒಂದು ಅಪ್‌ಡೇಟ್ ಕೊಟ್ಟು ಆಫ್‌ಲೈನ್‌ನಲ್ಲೇ ಸೇವ್ ಆಗುವಂತೆ ಮಾಡಿದರು. ಎರಡೂ ಕಾರ್ ಗೇಮ್‌ಗಳೇ, ಎರಡಕ್ಕೂ ಆನ್‌ಲೈನ್ ಬೇಕಿತ್ತು. ಒಂದನ್ನು ಇವತ್ತೂ ಆಡಬಹುದು.

ಈಗ ಮಾರುಕಟ್ಟೆಯಲ್ಲಿರುವ ಯಂತ್ರಗಳನ್ನು ಬೇಗ ಬೇಗ ನೋಡಿಬಿಡೋಣ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಮತ್ತು ಎಸ್‌ಗೆ ಮೊದಲ ಸಲ ಸಿದ್ಧಪಡಿಸುವಾಗ ಇಂಟರ್ನೆಟ್ ಕಡ್ಡಾಯ. ಸೀರೀಸ್ ಎಕ್ಸ್‌ನಲ್ಲಿ ಎಕ್ಸ್‌ಬಾಕ್ಸ್ ಒನ್ ಡಿಸ್ಕ್ ಹಾಕಿದಾಗಲೂ ಮೊದಲು ಆನ್‌ಲೈನ್ ತಪಾಸಣೆ ಇತ್ತು, 2022ರ ಅಪ್‌ಡೇಟ್‌ನಲ್ಲಿ ಅದನ್ನು ತೆಗೆದರು. ಎಕ್ಸ್‌ಬಾಕ್ಸ್ 360ರ ಡಿಸ್ಕ್ ಹಾಕಿದರೆ ಗೇಮ್ ಈಗಲೂ ನೆಟ್‌ನಿಂದಲೇ ಇಳಿಯುತ್ತದೆ, ಡಿಸ್ಕ್ ಬರೀ ಕೀಲಿ. ಪ್ಲೇಸ್ಟೇಷನ್ 5ಕ್ಕೆ ಬೇರೆಯಾಗಿ ಸಿಗುವ ಡಿಸ್ಕ್ ಡ್ರೈವ್ ಜೋಡಿಸುವಾಗ ಒಮ್ಮೆ ನೆಟ್ ಬೇಕು. ಆ ನೋಂದಣಿ ಸರ್ವರ್ ಇಲ್ಲದ ಕಾಲದಲ್ಲಿ ಡ್ರೈವ್ ಕೆಟ್ಟರೆ ಹೊಸದನ್ನು ಹಾಕುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರವಿಲ್ಲ. 2025ರ ಜೂನ್‌ನಲ್ಲಿ ಬಂದ ನಿಂಟೆಂಡೊ ಸ್ವಿಚ್ 2ರಲ್ಲಿ ಗೇಮ್-ಕೀ ಕಾರ್ಡ್ ಎಂಬುದಿದೆ: ಕಾರ್ಟ್ರಿಜ್ ಥರವೇ ಕಾಣುತ್ತದೆ, ಒಳಗೆ ಗೇಮ್ ಇಲ್ಲ. ಮೊದಲ ಸಲ ಡೌನ್‌ಲೋಡ್ ಮಾಡಿಕೊಳ್ಳಬೇಕು, ಆಮೇಲೆ ಕಾರ್ಡ್ ಒಳಗಿದ್ದರೆ ಆಫ್‌ಲೈನ್‌ನಲ್ಲಿ ನಡೆಯುತ್ತದೆ. ಬೇರೆಯವರಿಗೆ ಮಾರಲೂಬಹುದು, ಡೌನ್‌ಲೋಡ್ ಸರ್ವರ್ ಇರುವವರೆಗೆ. ಪೆಟ್ಟಿಗೆಯ ಮುಂಭಾಗದಲ್ಲೇ ಇದನ್ನು ಅಚ್ಚು ಹಾಕಿರುತ್ತಾರೆ, ಕೊಳ್ಳುವ ಮೊದಲು ಓದಿ.

ನಿಮ್ಮ ಕನ್ಸೋಲ್ ಆಫ್‌ಲೈನ್‌ಗೆ ಸಿದ್ಧವಿದೆಯೇ ಎಂದು ನೆಟ್ ಹೋದ ಮೇಲೆ ತಿಳಿಯುವುದಕ್ಕಿಂತ ಇವತ್ತೇ ತಿಳಿಯುವುದು ಮೇಲು. ಡಿಜಿಟಲ್ ಗೇಮ್ ಕೊಳ್ಳುವವರು ಮೊದಲು ಮಾಡಬೇಕಾದದ್ದು ತಮ್ಮ ಯಂತ್ರವನ್ನು 'ಮನೆಯ ಯಂತ್ರ' ಎಂದು ದಾಖಲಿಸುವುದು. ಪ್ಲೇಸ್ಟೇಷನ್ 5ರಲ್ಲಿ ಸೆಟ್ಟಿಂಗ್ಸ್, ಯೂಸರ್ಸ್ ಆ್ಯಂಡ್ ಅಕೌಂಟ್ಸ್, ಅದರ್, ಅಲ್ಲಿ ಕನ್ಸೋಲ್ ಶೇರಿಂಗ್ ಆ್ಯಂಡ್ ಆಫ್‌ಲೈನ್ ಪ್ಲೇ. ಒಂದು ಅಕೌಂಟ್‌ಗೆ ಒಂದೇ ಪ್ಲೇಸ್ಟೇಷನ್ 5. ಎಕ್ಸ್‌ಬಾಕ್ಸ್‌ನಲ್ಲಿ ಸೆಟ್ಟಿಂಗ್ಸ್, ಜನರಲ್, ಪರ್ಸನಲೈಸೇಶನ್, ಮೈ ಹೋಮ್ ಎಕ್ಸ್‌ಬಾಕ್ಸ್. ವರ್ಷಕ್ಕೆ ಐದು ಸಲ ಮಾತ್ರ ಬದಲಿಸಬಹುದು. ಇದನ್ನು ಮಾಡಿದಾಗಲೇ ಲೈಸೆನ್ಸ್ ಫೈಲ್ ಯಂತ್ರದೊಳಗೆ ಬಂದು ಕೂರುವುದು. ಗೆಳೆಯರೊಂದಿಗೆ ಗೇಮ್ ಹಂಚಿಕೊಳ್ಳಲು ತಮ್ಮ 'ಮನೆ'ಯನ್ನು ಅವರ ಯಂತ್ರಕ್ಕೆ ಕೊಟ್ಟವರು ನೆಟ್ ಹೋದ ದಿನ ಸಿಕ್ಕಿಬೀಳುತ್ತಾರೆ: ಗೆಳೆಯರ ಮನೆಯಲ್ಲಿ ಗೇಮ್ ತೆರೆಯುತ್ತದೆ, ಕೊಂಡವರ ಮನೆಯಲ್ಲಿ ಬೀಗ.

ಆಮೇಲೆ ಪರೀಕ್ಷೆ. ಗೇಮ್ ಅಪ್‌ಡೇಟ್ ಮಾಡಿ ಒಮ್ಮೆ ಆನ್‌ಲೈನ್‌ನಲ್ಲಿ ತೆರೆಯಿರಿ. ಗೇಮನ್ನು ಮೆನುವಿನಿಂದ ಪೂರ್ತಿ ಮುಚ್ಚಿ. ಎಕ್ಸ್‌ಬಾಕ್ಸ್‌ನಲ್ಲಿ ಇದು ಮುಖ್ಯ, ಇಲ್ಲದಿದ್ದರೆ ಕ್ವಿಕ್ ರೆಸ್ಯೂಮ್ ನಿಂತಲ್ಲಿಂದಲೇ ಎಬ್ಬಿಸುತ್ತದೆ, ಪರೀಕ್ಷೆ ಸುಳ್ಳಾಗುತ್ತದೆ. ನೆಟ್ ಕಿತ್ತು ಕನ್ಸೋಲನ್ನು ಪೂರ್ತಿ ಆರಿಸಿ, ರೆಸ್ಟ್ ಮೋಡ್ ಸಾಲದು. ಹೊತ್ತಿಸಿ ಗೇಮ್ ತೆರೆಯಿರಿ. ಮುಖಪುಟ ಕಂಡಿತೆಂದು ಅಲ್ಲಿಗೇ ನಿಲ್ಲಿಸಬೇಡಿ; ಒಳಗೆ ಹೋಗಿ, ಹದಿನೈದು ನಿಮಿಷ ಆಡಿ, ಸೇವ್ ಮಾಡಿ, ಹೊರಬಂದು ಮತ್ತೆ ತೆರೆದು ಆ ಸೇವ್ ಸಿಗುತ್ತದೆಯೇ ನೋಡಿ. ಹಲವು ಗೇಮ್‌ಗಳು ಎಡವುವುದು ಸೇವ್ ಹಂತದಲ್ಲೇ. ಡಿಸ್ಕ್ ಇದ್ದರೆ ಇನ್ನೊಂದು ಹೆಜ್ಜೆ: ನೆಟ್ ಇಲ್ಲದೆಯೇ ಡಿಸ್ಕಿನಿಂದ ಹೊಸದಾಗಿ ಇನ್‌ಸ್ಟಾಲ್ ಮಾಡಿ ಆಡಿ ನೋಡಿ. ಡಿಸ್ಕ್‌ನಲ್ಲಿ ನಿಜಕ್ಕೂ ಎಷ್ಟು ಗೇಮ್ ಇದೆ ಎಂದು ಆಗ ತಿಳಿಯುತ್ತದೆ. ಹೀಗೆ ಬಹಳ ದಿನ ಆಫ್‌ಲೈನ್‌ನಲ್ಲಿ ಆಡಿ ಮತ್ತೆ ನೆಟ್‌ಗೆ ಸೇರಿದಾಗ ಕ್ಲೌಡ್‌ನ, ಅಂದರೆ ಕಂಪನಿಯ ಸರ್ವರ್‌ನಲ್ಲಿರುವ, ಸೇವ್ ಬೇಕೋ ಕನ್ಸೋಲ್‌ನದು ಬೇಕೋ ಎಂದು ಕೇಳಿದರೆ ಅವಸರದಲ್ಲಿ ಒತ್ತಬೇಡಿ. ದಿನಾಂಕ ನೋಡಿ ಹೊಸದನ್ನು ಆರಿಸಿ. ಹಳೆಯ ಕ್ಲೌಡ್ ಸೇವ್ ಆರಿಸಿದರೆ ಆಡಿದ್ದೆಲ್ಲ ಅಳಿಸಿಹೋಗುತ್ತದೆ.

ಮುಂದಿನ ತಲೆಮಾರಿನ ಎಕ್ಸ್‌ಬಾಕ್ಸ್‌ಗಾಗಿ ಮೈಕ್ರೋಸಾಫ್ಟ್ ಮತ್ತು ಚಿಪ್ ಕಂಪನಿ ಎಎಮ್‌ಡಿ 2025ರ ಜೂನ್‌ನಲ್ಲಿ ಒಪ್ಪಂದ ಪ್ರಕಟಿಸಿವೆ, ಸೋನಿಯೂ ಎಎಮ್‌ಡಿ ಜೊತೆ ಮುಂದಿನ ಕನ್ಸೋಲ್‌ನ ತಂತ್ರಜ್ಞಾನದ ಬಗ್ಗೆ ಮಾತಾಡಿದೆ. ಆ ಯಂತ್ರಗಳ ನಿಯಮಗಳನ್ನು ತೀರ್ಮಾನಿಸುವ ಹೊತ್ತು ಇದೇ. 2013ರಲ್ಲಿ ನಿಯಮ ಬಿದ್ದದ್ದು ಹದಿಮೂರು ದಿನದಲ್ಲಿ, ಅದೂ ಜನ 24 ಗಂಟೆ ಎಂಬ ಒಂದು ನಿರ್ದಿಷ್ಟ ಅಂಕಿಯನ್ನು ಹಿಡಿದು ಜಗ್ಗಿದ್ದರಿಂದ. 'ಆಲ್ವೇಸ್-ಆನ್‌ಲೈನ್ ಬೇಡ' ಎಂಬ ಘೋಷಣೆಗೆ 'ನಮ್ಮದು ಆಲ್ವೇಸ್-ಆನ್‌ಲೈನ್ ಅಲ್ಲ' ಎಂದು ಉತ್ತರಿಸಿ ಯಾರು ಬೇಕಾದರೂ ಜಾರಿಕೊಳ್ಳಬಹುದು. ಆದ್ದರಿಂದ ಹೀಗೆ ಕೇಳಿ: ಪೆಟ್ಟಿಗೆಯಿಂದ ತೆಗೆದ ಯಂತ್ರ ನೆಟ್ ಇಲ್ಲದೆ ಡಿಸ್ಕ್ ಆಡಿಸುತ್ತದೆಯೇ? ಮನೆಯ ಯಂತ್ರದ ಲೈಸೆನ್ಸ್ ಫೈಲ್‌ಗೆ ಮುಗಿಯುವ ದಿನಾಂಕ ಇದೆಯೇ, ಇದ್ದರೆ ಎಷ್ಟು ದಿನ? ಒಳಗಿನ ಬ್ಯಾಟರಿ ಸತ್ತರೆ ಏನಾಗುತ್ತದೆ? ಡ್ರೈವ್ ಬದಲಿಸಲು ಯಾರ ಅನುಮತಿ ಬೇಕು? ಸರ್ವರ್ ಮುಚ್ಚುವ ದಿನ ಕೊಡಬೇಕಾದ ಕೊನೆಯ ಅಪ್‌ಡೇಟ್ ಬರೆಯುವುದು ಯಾರ ಹೊಣೆ, ಅದನ್ನು ಯಾವಾಗ ಬರೆಯುತ್ತೀರಿ? ಈ ಕೊನೆಯದನ್ನು ಗಟ್ಟಿಯಾಗಿ ಕೇಳಬೇಕು. ಮುಚ್ಚುವ ಹೊತ್ತಿಗೆ ಆ ಗೇಮ್ ಕಟ್ಟಿದ ತಂಡ ಚದುರಿಹೋಗಿರುತ್ತದೆ, ಕೋಡ್ ಬಲ್ಲವರು ಬೇರೆಲ್ಲೋ ಇರುತ್ತಾರೆ, ಹಣವೂ ಇರುವುದಿಲ್ಲ. ಬಿಡುಗಡೆಗೆ ಮೊದಲು, ಎಲ್ಲರೂ ಒಂದೇ ಕಟ್ಟಡದಲ್ಲಿ ಇರುವಾಗ ಆ ಕೊನೆಯ ಅಪ್‌ಡೇಟ್ ಬರೆದಿಡುವುದು ಎಷ್ಟೋ ಸುಲಭದ ಕೆಲಸ.